ನಾಲ್ಕು ಮಳೆಗಾಲ ಕಂಡ ಐಎನ್‌ಆರ್ ಯಂತ್ರ

ಹೃದಯಕ್ಕೆ ಕೃತಕ ವಾಲ್ವ್ ಹಾಕಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆಯನ್ನು ನಿತ್ಯ ನುಂಗುವ ನನಗೆ, ಮನೆಯಲ್ಲೇ ಐಎನ್‌ಆರ್ ತೋರಿಸುವ ಈ ಅಂಗೈಯಗಲದ ಯಂತ್ರ ಜೊತೆಯಾಗಿ ನಾಲ್ಕು ಮಳೆಗಾಲಗಳಾದವು. ಐಎನ್‌ಆರ್ ಎಂದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ: ಏರಿದರೆ ರಕ್ತಸ್ರಾವದ ಭಯ, ಇಳಿದರೆ ಹೆಪ್ಪಿನ ಭಯ. ಮಳೆಗಾಲದ ಲೆಕ್ಕ ಹೇಳುವುದಕ್ಕೆ ಕಾರಣವಿದೆ: ಇದರೊಡನೆ ನನ್ನ ಜಗಳವೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನದು.

ಯಂತ್ರಕ್ಕೆ 18ರಿಂದ 32 ಡಿಗ್ರಿಯ ಉಷ್ಣಾಂಶ ಬೇಕು. ಕೊಡಗಿನ ನಾಪೋಕ್ಲಿನ ನಮ್ಮ ತೋಟದ ಮನೆಯಲ್ಲಿ ಜುಲೈ ತಿಂಗಳ ಬೆಳಗಿನ ಹೊತ್ತು ಅಷ್ಟಿರುವುದು ಅಪರೂಪ. ಥರ್ಮಾಮೀಟರಿನ ಚಿತ್ರ ತೋರಿಸಿ ಅದು ಸುಮ್ಮನಾಗಿಬಿಡುತ್ತದೆ. ಆದ್ದರಿಂದ ಪರೀಕ್ಷೆಯ ದಿನ ಅದನ್ನು ಸೌದೆ ಒಲೆಯಿಂದ ಎರಡು ಮೊಳ ದೂರದಲ್ಲಿ ಅರ್ಧ ಗಂಟೆ ಇಡುತ್ತೇನೆ. ಅಷ್ಟರಲ್ಲಿ ಹಂಡೆಯ ಬಿಸಿನೀರಿನಲ್ಲಿ ಎಡಗೈ ಅದ್ದಿ, ತೇವ ಉಳಿಯದಂತೆ ಒರೆಸಿ, ಉಂಗುರದ ಬೆರಳಿನ ತುದಿಯ ಪಕ್ಕಕ್ಕೆ ಸೂಜಿ ಚುಚ್ಚುತ್ತೇನೆ. 15 ಸೆಕೆಂಡಿನೊಳಗೆ ಮೊದಲ ಹನಿ, ಯಂತ್ರಕ್ಕೆ ಸಿಕ್ಕಿಸಿದ ಪರೀಕ್ಷೆಯ ಪಟ್ಟಿಗೆ, ಅಂದರೆ ಸ್ಟ್ರಿಪ್ಪಿಗೆ, ಮುಟ್ಟಬೇಕು. ಮುಟ್ಟಿತೋ, ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ, ಪಂಪಿನ ಹಂಗಿಲ್ಲದೆ ರಕ್ತ ಆ ಸಣ್ಣ ಕಾಲುವೆಯೊಳಗೆ ತಾನಾಗಿ ಹರಿಯುತ್ತದೆ. ಒಳಗೆ ಒಣಗಿಸಿಟ್ಟ ಥ್ರಾಂಬೋಪ್ಲಾಸ್ಟಿನ್ ಎಂಬ ವಸ್ತು ಅದನ್ನು ಹೆಪ್ಪುಗಟ್ಟಿಸಲು ತೊಡಗುತ್ತದೆ, ಅದಕ್ಕೆ ಹಿಡಿದ ಸಮಯವೇ ನಿಮಿಷದೊಳಗೆ ಅಂಕಿಯಾಗಿ ಮೂಡುತ್ತದೆ. ಈ ಹರಿವನ್ನು ನೋಡುವುದು ನನಗೆ ಇಂದಿಗೂ ಬೇಸರ ತಂದಿಲ್ಲ.

ಬೇಕಾದದ್ದು ಕೇವಲ 8 ಮೈಕ್ರೋಲೀಟರ್. ಚಳಿಗೆ ಮರಗಟ್ಟಿದ ಬೆರಳು ಅಷ್ಟನ್ನೂ ಕೊಡುವುದಿಲ್ಲ. ಬಲವಾಗಿ ಹಿಂಡಿದರೆ ಅಂಗಾಂಶದ ದ್ರವ ಬೆರೆತು ಅಂಕಿ ಕೆಡುತ್ತದೆ, ಎರಡನೆಯ ಹನಿ ಸೇರಿಸುವಂತಿಲ್ಲ, ಸ್ಟ್ರಿಪ್ ಕಸದ ಬುಟ್ಟಿಗೆ. ಒಂದು ಸ್ಟ್ರಿಪ್ಪೆಂದರೆ ಹೆಚ್ಚುಕಡಿಮೆ ತೋಟದ ಒಂದಾಳಿನ ದಿನಗೂಲಿ. ಕಳೆದ ಜುಲೈನಲ್ಲಿ ಒಂದೇ ಬೆಳಿಗ್ಗೆ ಮೂರನ್ನು ಹಾಳುಮಾಡಿಕೊಂಡು, ಯಂತ್ರವನ್ನೇ ಮಾರಿಬಿಡುವ ಮಾತಾಡಿದ್ದೆ.

ಆ ಮಾತು ನಿಂತದ್ದು ಕಕ್ಕಡ 18ರ ಮರುದಿನ, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ ಮದ್ದುಸೊಪ್ಪಿನ ಅಡುಗೆ ಮಾಡಿ ಉಂಡ ಮರುದಿನ. ಮದ್ದುಸೊಪ್ಪಿನ ಪಾಯಸ ತಿಂದರೆ ಮೂತ್ರ ಕೆಂಪಾಗುವುದು ಕೊಡಗಿನ ಮಕ್ಕಳಿಗೂ ಗೊತ್ತು. ಆದರೆ ವಾರ್ಫರಿನ್ ತಿನ್ನುವವನಿಗೆ ಮೂತ್ರದ ಕೆಂಪು ಎಂದರೆ ರಕ್ತಸ್ರಾವದ ಭಯ. ನಸುಕಿನ ನಾಲ್ಕೂವರೆ, ಕರೆಂಟಿಲ್ಲ, ಹೊರಗೆ ಜಡಿಮಳೆ, ಬಣ್ಣ ಪಾಯಸದ್ದೋ ನನ್ನದೋ ತಿಳಿಯದು. ಸೊಸೆ ಟಾರ್ಚ್ ಹಿಡಿದಳು. ಕೈ ಕಾಯಿಸಿಕೊಂಡದ್ದು ಅವಳು ಕೊಟ್ಟ ಕಾಫಿ ಲೋಟದಿಂದ. ಬ್ಯಾಟರಿಯ ಯಂತ್ರ ಮೊದಲ ಹನಿಗೇ ಒಪ್ಪಿಕೊಂಡು 2.8 ಎಂದು ತೋರಿಸಿತು. ವೈದ್ಯರು ನನಗೆ ಹಾಕಿಕೊಟ್ಟ ಗಡಿ 2.5ರಿಂದ 3.5.

"ಪಾಯಸದ್ದೇ ಮಾವ, ಹೋಗಿ ಮಲಗಿ," ಎಂದಳು.

ಅಂಕಿ ಗಡಿಯೊಳಗಿದ್ದ ಮಾತ್ರಕ್ಕೆ ರಕ್ತಸ್ರಾವ ಇಲ್ಲವೆನ್ನಲಾಗದು. ಸಂಜೆಯೊಳಗೆ ಬಣ್ಣ ತಿಳಿಯಾಗದಿದ್ದರೆ ಮಡಿಕೇರಿಗೆ ಹೊರಡುವವನಿದ್ದೆ. ತಿಳಿಯಾಯಿತು.

ಲ್ಯಾಬನ್ನು ಪೂರ್ತಿ ಬಿಟ್ಟಿಲ್ಲ. ಆಗಾಗ ಅಲ್ಲಿನ ಅಂಕಿಯೊಡನೆ ಹೋಲಿಸುತ್ತೇನೆ, ನಾಲ್ಕಕ್ಕಿಂತ ಮೇಲೆ ಬಂದರೆ ಅಲ್ಲೇ ಖಚಿತಪಡಿಸಿಕೊಳ್ಳಬೇಕೆಂಬುದು ವೈದ್ಯರ ಕಟ್ಟಪ್ಪಣೆ. ಪತ್ರೊಡೆಯ ಆಸೆಗೆ ಒಂದು ವಾರ ಕೆಸುವಿನ ಸೊಪ್ಪು ತಿಂದು, ಅದರ ವಿಟಮಿನ್ ಕೆ ವಾರ್ಫರಿನ್‌ನ ಬಲ ಕುಗ್ಗಿಸಿ ಅಂಕಿ 1.9ಕ್ಕೆ ಇಳಿದದ್ದನ್ನೂ ಹಿಡಿದುಕೊಟ್ಟದ್ದು ಇದೇ ಯಂತ್ರ. ಈ ವರ್ಷ ಮಳೆಗೆ ಮುಂಚೆ ಸ್ಟ್ರಿಪ್ ತರಿಸುವಾಗ ಒಂದು ಪೆಟ್ಟಿಗೆ ಹೆಚ್ಚಿಗೇ ಬರೆಸಿದೆ, ಚಳಿಯ ಪಾಲಿಗೆಂದು.