ಮೂತ್ರದ ಪ್ರೋಟೀನ್ ಸ್ಟ್ರಿಪ್: ಯಾರ ಮನೆಯಲ್ಲಿ ಇರಲೇಬೇಕು, ಯಾರು ನಂಬಿ ಕೂರಬಾರದು

ಔಷಧಿ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಯೂರಿಸ್ಟಿಕ್ಸ್‌ನಲ್ಲೂ ಅದೇ ಬಗೆಯ ಬೇರೆ ಕಂಪನಿಗಳ ಸ್ಟ್ರಿಪ್‌ಗಳಲ್ಲೂ ಎರಡು ಚೌಕಗಳಿರುತ್ತವೆ. ಒಂದು ಸಕ್ಕರೆಗೆ, ಇನ್ನೊಂದು ಪ್ರೋಟೀನ್‌ಗೆ. ಈ ವಿಮರ್ಶೆ ಪ್ರೋಟೀನ್ ಚೌಕದ ಬಗ್ಗೆ. ನೆಫ್ರೋಟಿಕ್ ಸಿಂಡ್ರೋಮ್ (ಮೂತ್ರದಲ್ಲಿ ವಿಪರೀತ ಪ್ರೋಟೀನ್ ಸೋರಿ ಮೈ ಊದುವ ಕಾಯಿಲೆ) ಇರುವ ಮಗುವಿನ ಮನೆಗೆ ಇಷ್ಟು ಉಪಯೋಗಕ್ಕೆ ಬರುವ ಸಾಧನ ಇನ್ನೊಂದಿಲ್ಲ. ಅದೇ ಸ್ಟ್ರಿಪ್ ನೋಡಿ ಸಕ್ಕರೆ ಕಾಯಿಲೆಯವರು ‘ಹಳದಿಯಾಗೇ ಇದೆ, ಕಿಡ್ನಿಗೆ ಏನೂ ಆಗಿಲ್ಲ’ ಅಂದುಕೊಂಡರೆ ದೊಡ್ಡ ತಪ್ಪಾಗುತ್ತದೆ. ಈ ವ್ಯತ್ಯಾಸ ಯಾಕೆಂದು ತಿಳಿಯಲು ಕಿಡ್ನಿಯ ಸೋಸುವ ಜಾಗದಲ್ಲಿ ಏನು ಕೆಡುತ್ತದೆ ಅನ್ನುವುದನ್ನು ಮೊದಲು ನೋಡಬೇಕು.

ಒಂದೊಂದು ಕಿಡ್ನಿಯಲ್ಲಿ ಗ್ಲೊಮೆರುಲಸ್ ಎಂಬ ಸೂಕ್ಷ್ಮ ಸೋಸುಕಗಳು ಸುಮಾರು 10 ಲಕ್ಷ ಇವೆ. ಎಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಮೂತ್ರವಾಗಿ ಹೊರಗೆ ಬರುವುದು ಒಂದೂವರೆ ಲೀಟರಿನಷ್ಟು. ಗ್ಲೊಮೆರುಲಸ್‌ನ ಸೂಕ್ಷ್ಮ ರಕ್ತನಾಳಗಳನ್ನು ಹೊರಗಿನಿಂದ ಪೋಡೋಸೈಟ್ ಎಂಬ ಜೀವಕೋಶಗಳು ಅಪ್ಪಿಕೊಂಡಿರುತ್ತವೆ. ಎರಡು ಕೈಗಳ ಬೆರಳು ಹೆಣೆದ ಹಾಗೆ ಅಕ್ಕಪಕ್ಕದ ಕೋಶಗಳ ಪಾದಗಳು ಒಂದರೊಳಗೊಂದು ಸೇರಿ, ನಡುವಿನ ಸಂದಿನಲ್ಲಿ ನೆಫ್ರಿನ್ ಮುಂತಾದ ಪ್ರೋಟೀನ್‌ಗಳ ತೆಳು ಜಾಲ ಇರುತ್ತದೆ. ಹುಟ್ಟಿನಿಂದಲೇ ವಿಪರೀತ ಪ್ರೋಟೀನ್ ಸೋರುವ ‘ಫಿನ್ನಿಷ್ ಮಾದರಿ’ ಕಾಯಿಲೆಯಲ್ಲಿ ಕೆಟ್ಟಿರುವುದು ಈ ನೆಫ್ರಿನ್‌ನ ವಂಶವಾಹಿ ಎಂದು 1998ರಲ್ಲಿ ಪತ್ತೆಯಾಯಿತು. ಜಾಲ ಗಟ್ಟಿಯಿದ್ದರೆ ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನ್ ಹೊರಗೆ ಹೋಗುವುದು ತೀರ ಕಡಿಮೆ.

ಹಾನಿಯಲ್ಲಿ ಎರಡು ದಾರಿಗಳಿವೆ. ಮಕ್ಕಳ ನೆಫ್ರೋಟಿಕ್ ಸಿಂಡ್ರೋಮ್‌ಗೆ ಹೆಚ್ಚಾಗಿ ಕಾರಣವಾಗುವ ‘ಮಿನಿಮಲ್ ಚೇಂಜ್’ ಕಾಯಿಲೆಯಲ್ಲಿ ಪೋಡೋಸೈಟ್‌ಗಳ ಪಾದಗಳು ಚಪ್ಪಟೆಯಾಗಿ ಜಾಲ ಹಾಳಾಗುತ್ತದೆ, ಆದರೆ ಕೋಶಗಳು ಹೆಚ್ಚಾಗಿ ಉಳಿದಿರುತ್ತವೆ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಎಲ್ಲ ಸರಿ ಇರುವಂತೆಯೇ ಕಾಣುತ್ತದೆ. ಹಾನಿ ಕಾಣಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಔಷಧಿ ಕೊಟ್ಟರೆ ಬಹುಪಾಲು ಮಕ್ಕಳಲ್ಲಿ ಪಾದಗಳು ಮತ್ತೆ ಸರಿಯಾಗುತ್ತವೆ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ದಾರಿ ಬೇರೆ. ಅಲ್ಲಿ ಕೋಶಗಳು ವರ್ಷಗಟ್ಟಲೆ ಒತ್ತಡ ತಿಂದು, ಹಿಡಿತ ತಪ್ಪಿ ಮೂತ್ರದ ಜೊತೆ ಹೊರಟುಹೋಗುತ್ತವೆ. ಪೋಡೋಸೈಟ್ ವಿಭಜನೆಯಾಗಿ ತನ್ನಂಥ ಇನ್ನೊಂದನ್ನು ಹುಟ್ಟಿಸುವುದಿಲ್ಲ. ಉಳಿದವು ಹಿಗ್ಗಿ ಖಾಲಿ ಜಾಗ ಮುಚ್ಚಲು ನೋಡುತ್ತವೆ. ಆಗದಿದ್ದಾಗ ಬರಿದಾದ ಪೊರೆ ಸುತ್ತಲಿನ ಗೋಡೆಗೆ ಅಂಟಿ, ಗಾಯದ ಕಲೆ ಬೆಳೆದು, ಗ್ಲೊಮೆರುಲಸ್ ಮುಚ್ಚಿಹೋಗುತ್ತದೆ. ಅದರ ಪಾಲಿನ ಕೆಲಸ ಉಳಿದವುಗಳ ಮೇಲೆ ಬಿದ್ದು ಅವೂ ಬೇಗ ಸವೆಯುತ್ತವೆ. ಇಷ್ಟೆಲ್ಲ ನಡೆದು ಸೋಸುವ ಶಕ್ತಿ ಅರ್ಧದಷ್ಟು ಇಳಿಯುವವರೆಗೂ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ತ್ಯಾಜ್ಯ) ‘ನಾರ್ಮಲ್’ ಅಂತಲೇ ಬರಬಹುದು.

ಈಗ ಸ್ಟ್ರಿಪ್‌ನ ಲೆಕ್ಕ. ಚೌಕದಲ್ಲಿ ಆಮ್ಲ ಸೇರಿಸಿ ಪಿಎಚ್ 3ರ ಸುಮಾರಿಗೆ ಹಿಡಿದಿಟ್ಟ ಹಳದಿ ಬಣ್ಣದ ಸೂಚಕವಿದೆ. ಆಲ್ಬುಮಿನ್ ಅಂಟಿದರೆ ಹಸಿರಾಗುತ್ತದೆ. ಡೆಸಿಲೀಟರಿಗೆ (100 ಮಿ.ಲೀ.ಗೆ) 15ರಿಂದ 30 ಮಿ.ಗ್ರಾಂ ಇದ್ದರೆ ‘ಟ್ರೇಸ್’, 30 ಆದರೆ 1+, 100 ಆದರೆ 2+, 300 ಆದರೆ 3+. ಸಕ್ಕರೆ ಕಾಯಿಲೆಯಲ್ಲಿ ಮೊದಲ ಎಚ್ಚರಿಕೆ ಎಂದರೆ ದಿನಕ್ಕೆ 30 ಮಿ.ಗ್ರಾಂ ಆಲ್ಬುಮಿನ್. ಒಂದೂವರೆ ಲೀಟರ್ ಮೂತ್ರಕ್ಕೆ ಹಂಚಿದರೆ ಡೆಸಿಲೀಟರಿಗೆ ಬರೇ 2 ಮಿ.ಗ್ರಾಂ. ಸೋರಿಕೆ ಹತ್ತು ಪಟ್ಟಾಗಿ ದಿನಕ್ಕೆ 300 ಮಿ.ಗ್ರಾಂ ಮುಟ್ಟಿದರೂ 20 ಮಿ.ಗ್ರಾಂ, ಅಂದರೆ ಟ್ರೇಸ್. ಸರಿಯಾದ ಔಷಧಿಯಿಂದ ಹೆಚ್ಚು ಉಳಿಸಿಕೊಳ್ಳಬಹುದಾದ ವರ್ಷಗಳೆಲ್ಲ ಸ್ಟ್ರಿಪ್ ಹಳದಿಯಾಗಿರುವಾಗಲೇ ಕಳೆದುಹೋಗುತ್ತವೆ. ಹಾಗಾಗಿ ಈ ಕೆಲಸಕ್ಕೆ ಸ್ಟ್ರಿಪ್‌ಗೆ ನಮ್ಮ ಕಡೆಯಿಂದ ಅಂಕವೇ ಇಲ್ಲ.

ಸಕ್ಕರೆ ಕಾಯಿಲೆಯವರಿಗೆ ಬೇಕಾದ್ದು ಲ್ಯಾಬಿನ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ, ಎಸಿಆರ್. ನೀರು ಜಾಸ್ತಿ ಕುಡಿದು ಮೂತ್ರ ತೆಳುವಾದರೂ ಕ್ರಿಯಾಟಿನಿನ್‌ನಿಂದ ಭಾಗಿಸುವುದರಿಂದ ಲೆಕ್ಕ ತಪ್ಪುವುದಿಲ್ಲ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಆಲ್ಬುಮಿನ್ 30 ಮಿ.ಗ್ರಾಂ ಒಳಗಿದ್ದರೆ ಸರಿ, 300 ದಾಟಿದರೆ ತೀವ್ರ. ಟೈಪ್ 2 ಸಕ್ಕರೆ ಕಾಯಿಲೆ ಇರುವವರು ಕಾಯಿಲೆ ಗೊತ್ತಾದ ವರ್ಷದಿಂದಲೇ ವರ್ಷಕ್ಕೊಮ್ಮೆ ಮಾಡಿಸಬೇಕು; ಟೈಪ್ 1 ಆದರೆ ಐದು ವರ್ಷದ ನಂತರ. ಜ್ವರ, ಮೂತ್ರದ ಸೋಂಕು, ಮುಟ್ಟಿನ ದಿನಗಳು, ಹಿಂದಿನ ದಿನದ ಭಾರೀ ವ್ಯಾಯಾಮ, ಇವೆಲ್ಲ ಸಂಖ್ಯೆ ಏರಿಸುತ್ತವೆ. ಒಂದು ಸಲ ಹೆಚ್ಚು ಬಂದರೆ ಗಾಬರಿಪಡದೆ ಮತ್ತೆ ಮಾಡಿಸಿ, ಮೂರರಿಂದ ಆರು ತಿಂಗಳ ಅವಧಿಯ ಮೂರು ಪರೀಕ್ಷೆಗಳಲ್ಲಿ ಎರಡು ಹೆಚ್ಚಿದ್ದರೆ ಖಚಿತ. ‘ಕಿಡ್ನಿ ಪ್ರೊಫೈಲ್’ ಪ್ಯಾಕೇಜ್ ತಗೊಳ್ಳುವ ಮೊದಲು ಅದರಲ್ಲಿ ಎಸಿಆರ್ ಇದೆಯೇ ಎಂದು ಕೇಳಿ. ಯೂರಿಯಾ, ಕ್ರಿಯಾಟಿನಿನ್, ಯೂರಿಕ್ ಆಸಿಡ್ ಇಷ್ಟೇ ಇದ್ದರೆ ಸೋರಿಕೆಯ ವಿಷಯ ಅದರಲ್ಲಿ ಇಲ್ಲ. ಬ್ರಿಟನ್ನಿನಲ್ಲಿರುವ ನಮ್ಮವರ ರಿಪೋರ್ಟಿನಲ್ಲಿ ‘3’ ಅಂತ ಕಂಡರೆ ಅದು ಇಲ್ಲಿನ 30ಕ್ಕೆ ಸುಮಾರು ಸಮ. ಅಲ್ಲಿ ಕ್ರಿಯಾಟಿನಿನ್ ಅನ್ನು ಗ್ರಾಂ ಬದಲು ಮಿಲಿಮೋಲ್‌ನಲ್ಲಿ ಲೆಕ್ಕ ಹಾಕುತ್ತಾರೆ. ಹೆಚ್ಚು ಬಂದವರಿಗೆ ವೈದ್ಯರು ಟೆಲ್ಮಿಸಾರ್ಟಾನ್ ಅಥವಾ ರಾಮಿಪ್ರಿಲ್‌ನಂಥ ಬಿಪಿ ಔಷಧಿ, ಜೊತೆಗೆ ಡಾಪಾಗ್ಲಿಫ್ಲೋಜಿನ್‌ನಂಥ ಸಕ್ಕರೆ ಕಾಯಿಲೆಯ ಔಷಧಿ ಬರೆಯುವುದು ಗ್ಲೊಮೆರುಲಸ್ ಒಳಗಿನ ಒತ್ತಡ ಇಳಿಸಿ ಉಳಿದ ಪೋಡೋಸೈಟ್‌ಗಳನ್ನು ಕಾಯಲು. ಬಿಪಿ ಸರಿಯಿದೆ ಅಂತ ನೀವೇ ನಿಲ್ಲಿಸಬೇಡಿ. ಟೆಲ್ಮಿಸಾರ್ಟಾನ್ ಅಥವಾ ರಾಮಿಪ್ರಿಲ್ ಶುರುಮಾಡಿದ ಎರಡರಿಂದ ನಾಲ್ಕು ವಾರದಲ್ಲಿ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಿಸಬೇಕು.

ನೆಫ್ರೋಟಿಕ್ ಮಗುವಿಗೆ ಮಾತ್ರ ಸ್ಟ್ರಿಪ್ ಪೂರ್ಣ ಅಂಕ ಪಡೆಯುತ್ತದೆ. ಇಲ್ಲಿ ಸೋರಿಕೆ ಒಮ್ಮೆಗೇ, ಧಾರಾಳವಾಗಿ ಆಗುತ್ತದೆ. ಮುಖ ಊದುವ ಮೊದಲೇ ಚೌಕ ಕಡುಹಸಿರಾಗುತ್ತದೆ. ಬೆಳಗಿನ ಮೊದಲ ಮೂತ್ರವನ್ನು ಒಣಗಿದ, ಸ್ವಚ್ಛ ಲೋಟದಲ್ಲಿ ಹಿಡಿಯಿರಿ. ಕ್ಲೋರ್‌ಹೆಕ್ಸಿಡಿನ್‌ನಂಥ ಸೋಂಕುನಾಶಕದಿಂದ ತೊಳೆದ ಲೋಟ ಸುಳ್ಳು ಹಸಿರು ತೋರಿಸುತ್ತದೆ. ಸ್ಟ್ರಿಪ್ ಅದ್ದಿ ತಕ್ಷಣ ತೆಗೆಯಿರಿ, ಅಂಚನ್ನು ಲೋಟದ ಬಾಯಿಗೆ ಒರೆಸಿ, ಅಡ್ಡವಾಗಿ ಹಿಡಿದು, 60 ಸೆಕೆಂಡಿಗೆ ಸರಿಯಾಗಿ ಹಗಲು ಬೆಳಕಿನಲ್ಲಿ ಡಬ್ಬಿಯ ಬಣ್ಣಕ್ಕೆ ಹೋಲಿಸಿ. ಹೆಚ್ಚು ಹೊತ್ತು ಅದ್ದಿದರೆ ಚೌಕದೊಳಗಿನ ಆಮ್ಲ ತೊಳೆದುಹೋಗಿ ಓದು ಕೆಡುತ್ತದೆ. ದಿನಾಂಕ, ಓದು, ಸ್ಟಿರಾಯ್ಡ್ ಪ್ರಮಾಣ, ಜ್ವರ ಇತ್ತೇ, ಇಷ್ಟನ್ನು ಪುಸ್ತಕದಲ್ಲಿ ಬರೆದಿಡಿ. ಸತತ ಮೂರು ದಿನ ‘ನೆಗೆಟಿವ್’ ಅಥವಾ ‘ಟ್ರೇಸ್’ ಬಂದರೆ ಕಾಯಿಲೆ ಹತೋಟಿಗೆ ಬಂದಂತೆ. ಸತತ ಮೂರು ದಿನ 3+ ಬಂದರೆ ಮರುಕಳಿಸಿದಂತೆ, ಆ ದಿನವೇ ವೈದ್ಯರಿಗೆ ತಿಳಿಸಿ. ಊತ, ಹೊಟ್ಟೆನೋವು, ಜ್ವರ ಜೊತೆಗಿದ್ದರೆ ಮೂರು ದಿನ ಕಾಯುವುದು ಬೇಡ.

ಸ್ಟ್ರಿಪ್‌ನ ಖರ್ಚು ಭಾರವಾದರೆ ಶೇ 3ರ ಸಲ್ಫೋಸ್ಯಾಲಿಸಿಲಿಕ್ ಆಮ್ಲದ ಪರೀಕ್ಷೆಯನ್ನು ಆಸ್ಪತ್ರೆಯಲ್ಲಿ ಕಲಿಸಿಕೊಡುತ್ತಾರೆ. ಮೂತ್ರ ಮತ್ತು ಆಮ್ಲ ಸಮ ಬೆರೆಸಿ, ಹಿಂದೆ ಅಚ್ಚಾದ ಕಾಗದ ಹಿಡಿಯುವುದು: ಮಸುಕಾದರೂ ಅಕ್ಷರ ಓದಲಾದರೆ 1+, ಏನೂ ಕಾಣದಷ್ಟು ಬೆಳ್ಳಗಾಗಿ ಸಣ್ಣ ಗಸಿ ಕಂಡರೆ 3+, ಮೊಸರಿನಂತೆ ಗಟ್ಟಿ ಕಟ್ಟಿದರೆ 4+. ಆಮ್ಲದ ಬಾಟಲಿ ಮಕ್ಕಳ ಕೈಗೆ ಸಿಗಬಾರದು.

ಕೊಳ್ಳುವಾಗ ಹತ್ತು ಚೌಕದ ಸ್ಟ್ರಿಪ್ ಕೊಟ್ಟರೆ ಬೇಡ ಅನ್ನಿ. ಈ ಕೆಲಸಕ್ಕೆ ಎರಡು ಚೌಕ ಸಾಕು, ಉಳಿದದ್ದು ದಂಡ. ಫ್ರಿಜ್‌ನಲ್ಲಿ ಇಡಬಾರದು, ಡಬ್ಬಿಯೊಳಗಿನ ತೇವ ಹೀರುವ ಪೊಟ್ಟಣ ತೆಗೆಯಬಾರದು. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ಮುಚ್ಚಳ ಸಡಿಲವಿದ್ದರೆ ಸ್ಟ್ರಿಪ್ ಬೇಗ ಕೆಡುತ್ತದೆ. ಅದ್ದುವ ಮೊದಲೇ ಚೌಕದ ಬಣ್ಣ ಡಬ್ಬಿಯ ಮೇಲಿನ ‘ನೆಗೆಟಿವ್’ ಬಣ್ಣಕ್ಕೆ ಹೊಂದದಿದ್ದರೆ ಇಡೀ ಡಬ್ಬಿ ಎಸೆದು ಹೊಸದು ತನ್ನಿ.