ಮನೆಯ ಅಲಂಕಾರಕ್ಕೆ ಮೇಣದಬತ್ತಿ: ಯಾವುದಕ್ಕೆ ಹಣ ಕೊಡಬಹುದು, ಯಾವುದಕ್ಕೆ ಬೇಡ

ಕರೆಂಟು ಹೋದಾಗ ಮಾತ್ರ ನೆನಪಾಗುತ್ತಿದ್ದ ಮೇಣದಬತ್ತಿ ಈಗ ನಮ್ಮ ನಗರಗಳ ಅಂಗಡಿಗಳಲ್ಲಿ ಅಲಂಕಾರದ ಸಾಮಾನಾಗಿ ಮುಂದಿನ ಸಾಲಿನಲ್ಲಿ ಕುಳಿತಿದೆ. ಪುಟ್ಟ ಟೀಲೈಟ್, ದಪ್ಪನೆಯ ಪಿಲ್ಲರ್, ನೀಳವಾದ ಟೇಪರ್, ಗಾಜಿನ ಜಾಡಿಯ ಸೋಯಾ ಮೇಣ, ಪಾರದರ್ಶಕ ಜೆಲ್, ಬ್ಯಾಟರಿಯ ಎಲ್‌ಇಡಿ ಹೀಗೆ ಬಗೆಗಳು ಬೆಳೆಯುತ್ತಲೇ ಇವೆ. ಇವುಗಳನ್ನೆಲ್ಲ ನಡುಮನೆ, ಊಟದ ಮೇಜು ಮತ್ತು ಜಗುಲಿಯಲ್ಲಿ ಹಚ್ಚಿ ನೋಡಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ಅಂಗಡಿಯ ಹವಾನಿಯಂತ್ರಿತ ಕಪಾಟಿನಲ್ಲಿ ಚಂದ ಕಂಡದ್ದು, ಸೀಲಿಂಗ್ ಫ್ಯಾನು ತಿರುಗುವ ಮತ್ತು ಏಪ್ರಿಲ್ ಬಿಸಿಲಿಗೆ ಕಾಯುವ ನಮ್ಮ ಮನೆಗಳಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದೊಂದೇ ಇಲ್ಲಿ ನನ್ನ ಅಳತೆಗೋಲು.

ಮೊದಲಿಗೆ ಫ್ಯಾನಿನ ವಿಷಯ, ಏಕೆಂದರೆ ಇದನ್ನು ಯಾವ ಮಾರಾಟಗಾರನೂ ಹೇಳುವುದಿಲ್ಲ. ಜ್ವಾಲೆ ನಿಶ್ಚಲವಾಗಿದ್ದಾಗ ಬತ್ತಿ ಎಳೆದುಕೊಂಡ ಮೇಣದ ಆವಿ ಬಹುಮಟ್ಟಿಗೆ ಪೂರ್ತಿಯಾಗಿ ಉರಿದುಹೋಗುತ್ತದೆ. ಗಾಳಿಗೆ ಜ್ವಾಲೆ ತೊನೆದಾಡಿದರೆ ಅರ್ಧ ಉರಿದ ಇಂಗಾಲ ಮಸಿಯಾಗಿ ಮೇಲೇಳುತ್ತದೆ, ಒಂದು ಬದಿಯ ಮೇಣವಷ್ಟೇ ಕರಗಿ ಸುರಿಯುತ್ತದೆ. ಫ್ಯಾನು ಆರಿಸಿದರೆ ಇನ್ನೊಂದು ತೊಂದರೆ ಎದುರಾಗುತ್ತದೆ. ಸಾಮಾನ್ಯ ಗಾತ್ರದ ಮೇಣದಬತ್ತಿಯೊಂದು ಸುಮಾರು 80 ವಾಟ್‌ನಷ್ಟು ಶಾಖವನ್ನೂ ಟೀಲೈಟು 40 ವಾಟ್‌ನ ಆಸುಪಾಸು ಶಾಖವನ್ನೂ ಹೊಮ್ಮಿಸುವುದರಿಂದ, ಮುಚ್ಚಿದ ಕೋಣೆಯಲ್ಲಿ ಇಪ್ಪತ್ತು ಟೀಲೈಟು ಹಚ್ಚುವುದೆಂದರೆ ಚಿಕ್ಕ ರೂಮ್ ಹೀಟರ್ ಹಾಕಿದಂತೆಯೇ ಸರಿ. ಬೆಳಕಾದರೋ ತೀರಾ ಕಡಿಮೆ: ಬೆಳಕಿನ ಪ್ರಮಾಣವನ್ನು ಅಳೆಯುವ ಲ್ಯೂಮೆನ್ ಲೆಕ್ಕದಲ್ಲಿ ಒಂದು ಜ್ವಾಲೆಯಿಂದ ಬರುವುದು ಹನ್ನೆರಡು ಹದಿಮೂರು, ನಾವು ದಿನವೂ ಬಳಸುವ 9 ವಾಟ್‌ನ ಎಲ್‌ಇಡಿ ಬಲ್ಬು ಕೊಡುವುದು 900 ಲ್ಯೂಮೆನ್‌ನಷ್ಟು. ಹಾಗಾಗಿ ಮೇಣದಬತ್ತಿಗಳಿಂದಲೇ ಕೋಣೆಯನ್ನು ಬೆಳಗಿಸುವ ಹಂಬಲ ಬೇಡ. ದೊಡ್ಡ ದೀಪಗಳನ್ನು ಆರಿಸಿ, ಮೂಲೆಯಲ್ಲೊಂದು ಮಂದ ದೀಪ ಉಳಿಸಿಕೊಂಡು, ಕೆಲವೇ ಜ್ವಾಲೆಗಳನ್ನು ಹೊಳೆಯುವ ಮೇಲ್ಮೈಯೊಂದರ ಮುಂದೆ ಇಟ್ಟರೆ ಕೋಣೆಗೆ ಕಳೆ ಬರುತ್ತದೆ. ಹಿತ್ತಾಳೆಯ ತಟ್ಟೆ, ಗೋಡೆಗನ್ನಡಿ, ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಈ ಕೆಲಸಕ್ಕೆ ಬಹಳ ಚೆನ್ನಾಗಿ ಒದಗುತ್ತವೆ.

ಕೊಟ್ಟ ಹಣಕ್ಕೆ ಅತಿ ಹೆಚ್ಚು ಅಂದ ಕೊಡುವುದು ಟೀಲೈಟು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಸುಮಾರು 38 ಮಿಲಿಮೀಟರ್ ಅಗಲದ ಈ ಪುಟ್ಟ ಬಟ್ಟಲು ಮೂರರಿಂದ ಐದು ಗಂಟೆ ಉರಿಯುತ್ತದೆ. ಬೆಲೆ ಕಡಿಮೆಯಾದ್ದರಿಂದ ಹಬ್ಬಕ್ಕೆಂದು ಒಂದಿಷ್ಟು ಹೆಚ್ಚಾಗಿಯೇ ತಂದಿಟ್ಟುಕೊಳ್ಳಬಹುದು. ಕೊಳ್ಳುವಾಗ ಅಲ್ಯೂಮಿನಿಯಮ್ ಬಟ್ಟಲಿನವುಗಳ ಬದಲು ಪಾರದರ್ಶಕ ಬಟ್ಟಲಿನವುಗಳನ್ನು ಆರಿಸುವುದು ಮೇಲು. ಲೋಹದ ಬಟ್ಟಲು ಬೆಳಕನ್ನು ಮೇಲಕ್ಕೆ ಮಾತ್ರ ಬಿಡುತ್ತದೆ, ಪಾರದರ್ಶಕದ್ದು ಕರಗಿದ ಮೇಣದ ಮೂಲಕವೂ ಬೆಳಕು ಚೆಲ್ಲಿ ಇಡೀ ಬಟ್ಟಲು ಬೆಳಗುವಂತೆ ಮಾಡುತ್ತದೆ. ಅಗಲವಾದ ಉರುಳಿಯಲ್ಲಿ ನೀರು ತುಂಬಿ, ಸೇವಂತಿಗೆಯ ಎಸಳು ಹರಡಿ, ಅದರ ನಡುವೆ ನಾಲ್ಕಾರು ಟೀಲೈಟು ತೇಲಿಬಿಟ್ಟರೆ ದೀಪಾವಳಿಯ ಸಂಜೆಗೆ ಬೇರೆ ಅಲಂಕಾರವೇ ಬೇಕಿಲ್ಲ, ಮೇಲಾಗಿ ಕೆಳಗೆ ನೀರಿರುವುದರಿಂದ ಮೇಜು ಸುಡುವ ಭಯವೂ ಇಲ್ಲ. ತೇಲಿಸಲೆಂದೇ ತಯಾರಿಸಿದ, ತಳ ಕಿರಿದಾಗಿ ಮೇಲ್ಭಾಗ ಅಗಲವಾಗಿರುವ ಹೂವಿನಾಕಾರದ ಮೇಣದಬತ್ತಿಗಳೂ ಸಿಗುತ್ತವೆ. ಅವು ನೋಡಲು ಹೆಚ್ಚು ಸೊಗಸು, ಆದರೆ ಅಂಚು ಕರಗಿದ ಮೇಲೆ ಬತ್ತಿಯ ಬುಡಕ್ಕೆ ನೀರು ನುಗ್ಗಿ ಚಟಪಟ ಸಿಡಿಯುವುದುಂಟು. ಒಣ ನೆಲದ ಮೇಲೆ ಟೀಲೈಟುಗಳ ಸಾಲು ಹಚ್ಚುವವರು ಒಂದಕ್ಕೂ ಇನ್ನೊಂದಕ್ಕೂ ನಡುವೆ ಅಂಗೈ ಅಗಲದಷ್ಟಾದರೂ ಜಾಗ ಬಿಡಬೇಕು. ಒತ್ತಾಗಿ ಜೋಡಿಸಿದರೆ ಒಂದರ ಶಾಖಕ್ಕೆ ಇನ್ನೊಂದು ಕಾದು, ಕರಗಿದ ಮೇಣಕ್ಕೇ ಬೆಂಕಿ ಹತ್ತುತ್ತದೆ. ಹಾಗೆ ಹತ್ತಿದಾಗ ನೀರು ಚಿಮುಕಿಸುವುದು ಎಲ್ಲಕ್ಕಿಂತ ಕೆಟ್ಟ ಉಪಾಯ, ಏಕೆಂದರೆ ನೀರು ತಟ್ಟನೆ ಆವಿಯಾಗಿ ಉರಿಯುವ ಮೇಣವನ್ನು ಎಲ್ಲೆಡೆ ಸಿಡಿಸುತ್ತದೆ. ಲೋಹದ ತಟ್ಟೆಯಿಂದ ಮುಚ್ಚಿಬಿಡಬೇಕು.

ಪಿಲ್ಲರ್ ಬತ್ತಿಗಳಲ್ಲಿ ಗುಣಮಟ್ಟದ ವ್ಯತ್ಯಾಸ ಅಪಾರ. ಕರಗಿಸಿ ಅಚ್ಚಿಗೆ ಹೊಯ್ದವು ಗಟ್ಟಿಯಾಗಿರುತ್ತವೆ. ಮೇಣದ ಪುಡಿಯನ್ನು ಒತ್ತಿ ಮಾಡಿ ಮೇಲೊಂದು ಬಣ್ಣದ ಲೇಪ ಕೊಟ್ಟವು ತಳವನ್ನು ಉಗುರಿನಿಂದ ಕೆರೆದರೆ ಹುಡಿಹುಡಿಯಾಗಿ ಉದುರುತ್ತವೆ. ಅಂಗಡಿಯಲ್ಲೇ ಬುಡ ತಿರುಗಿಸಿ ನೋಡುವ ಅಭ್ಯಾಸ ಇಟ್ಟುಕೊಂಡರೆ ಮೋಸಹೋಗುವುದಿಲ್ಲ. ಒಳ್ಳೆಯ ತಯಾರಕರು ಪೆಟ್ರೋಲಿಯಂನಿಂದ ಬರುವ ಸಾಮಾನ್ಯ ಮೇಣವಾದ ಪ್ಯಾರಾಫಿನ್ನಿಗೆ, ಕೊಬ್ಬಿನಿಂದ ತೆಗೆಯುವ ಸ್ಟಿಯರಿಕ್ ಆಮ್ಲ ಬೆರೆಸಿ ಗಡಸು ತರುತ್ತಾರೆ. ಈ ಆಮ್ಲದಿಂದ ಮೇಣದಬತ್ತಿ ಮಾಡುವ ಬಗೆಗೆ ಫ್ರಾನ್ಸಿನ ರಸಾಯನಶಾಸ್ತ್ರಜ್ಞರಾದ ಶೆವ್ರೊಲ್ ಮತ್ತು ಗೇ-ಲುಸಾಕ್ 1825ರಲ್ಲೇ ಪೇಟೆಂಟ್ ಪಡೆದಿದ್ದರು. ಬಾಗದೆ, ಜಿನುಗದೆ ನಿಲ್ಲುವ ಇಂದಿನ ಮೇಣದಬತ್ತಿಯ ಹಿಂದೆ ಅವರ ಪಾಲು ದೊಡ್ಡದು. ದಪ್ಪ ಪಿಲ್ಲರನ್ನು ಮೊದಲ ಬಾರಿ ಹಚ್ಚಿದಾಗ ಅಗಲದ ಪ್ರತಿ ಇಂಚಿಗೆ ಒಂದು ಗಂಟೆಯಂತೆ, ಅಂದರೆ ಮೂರು ಇಂಚಿನದಕ್ಕೆ ಮೂರು ಗಂಟೆ, ಮೇಣ ಅಂಚಿನವರೆಗೂ ಕರಗುವಂತೆ ಉರಿಸಬೇಕು. ಅತಿಥಿಗಳು ಹೊರಟೊಡನೆ ಅರ್ಧ ಗಂಟೆಗೇ ಆರಿಸಿದರೆ ನಡುವೆ ಗುಂಡಿ ಬಿದ್ದು, ಮುಂದಿನ ಸಲದಿಂದ ಬತ್ತಿ ಆ ಗುಂಡಿಯೊಳಗೇ ಇಳಿಯುತ್ತ ಹೋಗುತ್ತದೆ, ಸುತ್ತಲಿನ ಮೇಣ ದಂಡವಾಗುತ್ತದೆ.

ಬತ್ತಿಯನ್ನು ಪ್ರತಿ ಸಲವೂ ಆರು ಮಿಲಿಮೀಟರಿಗೆ ಕತ್ತರಿಸುವುದು ಎಲ್ಲ ಬಗೆಗೂ ಅನ್ವಯಿಸುವ ನಿಯಮ. ಹೆಣೆದ ಹತ್ತಿಯ ಬತ್ತಿ ಉರಿಯುತ್ತ ತುದಿಯಲ್ಲಿ ಬಾಗಿ, ಜ್ವಾಲೆಯ ಹೊರಅಂಚಿಗೆ ಬಂದು ಬಹುಮಟ್ಟಿಗೆ ತಾನೇ ಸುಟ್ಟುಹೋಗುತ್ತದಾದರೂ ಉಳಿದದ್ದನ್ನು ನಾವೇ ಕತ್ತರಿಸಬೇಕು. ಇಂಥ ಬತ್ತಿ ಬರುವ ಮುನ್ನ ಯುರೋಪಿನ ಮನೆಗಳಲ್ಲಿ ಬತ್ತಿಯ ಕರಿಯನ್ನು ಕತ್ತರಿಸಲೆಂದೇ ವಿಶೇಷ ಕತ್ತರಿಗಳಿದ್ದವು. ಬತ್ತಿಯ ನಡುವೆ ಲೋಹದ ಎಳೆ ಕಂಡರೆ ಅದನ್ನು ಬಿಳಿ ಕಾಗದದ ಮೇಲೆ ಉಜ್ಜಿ ನೋಡಬೇಕು. ಪೆನ್ಸಿಲಿನಂಥ ಬೂದು ಗೆರೆ ಮೂಡಿದರೆ ಅದು ಸೀಸವಿರಬಹುದು. ಸೀಸದ ಬತ್ತಿಯನ್ನು ಅಮೆರಿಕ 2003ರಲ್ಲೇ ನಿಷೇಧಿಸಿದೆ. ಇನ್ನು ದೀಪವನ್ನು ಬಾಯಿಂದ ಊದಿ ಆರಿಸಬಾರದೆಂಬ ನಮ್ಮ ಹಿರಿಯರ ಮಾತು ಇಲ್ಲಿ ಪ್ರಯೋಜನಕ್ಕೂ ಒದಗುತ್ತದೆ. ಊದಿದರೆ ಬಿಸಿ ಮೇಣ ಮೇಜುಬಟ್ಟೆಯ ಮೇಲೆ ಸಿಡಿಯುತ್ತದೆ, ಹೊಗೆ ಕೋಣೆ ತುಂಬುತ್ತದೆ.

ನೀಳವಾದ ಟೇಪರ್‌ಗಳನ್ನು ನಾನು ಡಿಸೆಂಬರ್, ಜನವರಿಗೆ ಮಾತ್ರ ಶಿಫಾರಸು ಮಾಡುವೆ. ಬೆಂಗಳೂರಿನ ಬೇಸಿಗೆಗೇ ಸಾಧಾರಣ ಪ್ಯಾರಾಫಿನ್ನಿನ ಟೇಪರ್ ಸ್ಟ್ಯಾಂಡಿನಲ್ಲಿ ನಿಂತಂತೆಯೇ ನಿಧಾನವಾಗಿ ತಲೆ ಬಾಗಿಸುತ್ತದೆ. ಕಲಬುರಗಿ, ರಾಯಚೂರಿನ 42 ಡಿಗ್ರಿಯಲ್ಲಿ ಅದರ ಗತಿಯನ್ನು ಹೇಳಬೇಕಾಗಿಲ್ಲ. ಇದಕ್ಕೆ ಹೊರತಾದದ್ದು ಜೇನುಮೇಣ. ಅದು ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆದ್ದರಿಂದ ಸೆಕೆಗೆ ಅಷ್ಟು ಬೇಗ ಮಣಿಯುವುದಿಲ್ಲ, ನಿಧಾನವಾಗಿ ಉರಿಯುತ್ತದೆ, ಮತ್ತು ಸುಗಂಧವನ್ನೇನೂ ಸೇರಿಸದೆಯೇ ಜೇನಿನ ತೆಳು ಕಂಪು ಇರುತ್ತದೆ. ಅದರ ಹೊಂಬಣ್ಣ ಹಿತ್ತಾಳೆಯ ಸ್ಟ್ಯಾಂಡಿಗೆ ಹೊಂದುವಷ್ಟು ಬೇರಾವ ಬಣ್ಣವೂ ಹೊಂದುವುದಿಲ್ಲ. ಬೆಲೆ ಪ್ಯಾರಾಫಿನ್ನಿನ ಹಲವು ಪಟ್ಟು, ಆದರೆ ಕೊಡಬಹುದಾದ ಬೆಲೆ. ಬಹಳ ದಿನ ಇಟ್ಟರೆ ಮೇಲೆ ಬೂಷ್ಟಿನಂತೆ ಕಾಣುವ ಬಿಳಿ ಪೊರೆ ಕಟ್ಟುತ್ತದೆ. ಅದು ಕೆಟ್ಟದ್ದರ ಗುರುತಲ್ಲ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಹೊಳಪು ಮರಳುತ್ತದೆ. ಜೇನುಗೂಡಿನ ಅಚ್ಚಿರುವ ಹಾಳೆಯನ್ನು ಸುರುಳಿ ಸುತ್ತಿದವುಗಳಿಗಿಂತ ಅಚ್ಚಿಗೆ ಹೊಯ್ದವೇ ಹೆಚ್ಚು ಹೊತ್ತು ಬಾಳುತ್ತವೆ.

ಈಗ ಎಲ್ಲರ ಬಾಯಲ್ಲಿರುವ ಪರಿಮಳದ ಸೋಯಾ ಜಾಡಿಗೆ ಬರೋಣ. ಸೋಯಾಬೀನ್ ಎಣ್ಣೆಯಿಂದ ಮಾಡುವ ಈ ಮೇಣ ಬಳಕೆಗೆ ಬಂದದ್ದು 1990ರ ದಶಕದಲ್ಲಿ, ಅಮೆರಿಕದಲ್ಲಿ. ಜಾಡಿಗೆ ತುಂಬುವ ಬಗೆ 50 ಡಿಗ್ರಿಯ ಆಸುಪಾಸಿನಲ್ಲೇ ಕರಗುವ ಮೆತ್ತನೆಯ ಮೇಣವಾದ್ದರಿಂದ ಅದಕ್ಕೆ ಪಾತ್ರೆ ಬೇಕೇ ಬೇಕು. ಬೇಸಿಗೆಯಲ್ಲಿ ನಾನು ಆನ್‌ಲೈನಿನಲ್ಲಿ ತರಿಸಿದ ಜಾಡಿಯೊಂದು ದಾರಿಯಲ್ಲೇ ಕರಗಿ, ಮೇಣ ಓರೆಯಾಗಿ ಹೆಪ್ಪುಗಟ್ಟಿ, ಬತ್ತಿ ಒಂದು ಬದಿಗೆ ವಾಲಿ ಬಂದಿತ್ತು. ಬದಲಿ ಕೇಳಿದರೆ ಮಾರಾಟಗಾರರು ಹವಾಮಾನದ ಕಡೆಗೆ ಕೈತೋರಿಸಿದರು. ಪ್ಯಾರಾಫಿನ್ ವಿಷ, ಸೋಯಾ ಅಮೃತ ಎಂಬ ಪ್ರಚಾರವನ್ನೂ ಸ್ವಲ್ಪ ತಗ್ಗಿಸಿಯೇ ಕೇಳಬೇಕು. ಮಸಿ ಏಳುವುದು ಮೇಣದ ಹೆಸರಿಗಿಂತ ಬತ್ತಿಯ ಉದ್ದ ಮತ್ತು ಗಾಳಿಯ ಮೇಲೆ ನಿಂತಿದೆ, ಅಲ್ಲದೆ ಸೋಯಾ ಎಂದು ಮಾರುವ ಎಷ್ಟೋ ಜಾಡಿಗಳಲ್ಲಿ ಪ್ಯಾರಾಫಿನ್ನಿನ ಬೆರಕೆಯೂ ಇರುತ್ತದೆ. ಶ್ರೀಗಂಧದ ಪರಿಮಳದ ಜಾಡಿ 600 ರೂಪಾಯಿಗೆ ಸಿಗುತ್ತಿದ್ದರೆ, ಅಸಲಿ ಗಂಧದೆಣ್ಣೆಯ ಬೆಲೆ ಕೆಜಿಗೆ ಲಕ್ಷ ರೂಪಾಯಿ ದಾಟಿರುವಾಗ ಆ ಪರಿಮಳ ಎಲ್ಲಿಂದ ಬಂತೆಂದು ಮೈಸೂರು ಸೀಮೆಯವರಿಗೆ ವಿವರಿಸಬೇಕಿಲ್ಲ. ಇದಕ್ಕಿಂತ ದೊಡ್ಡ ಆಕ್ಷೇಪ ಅಲಂಕಾರದ ದೃಷ್ಟಿಯದು. ತಗಡಿನ ಡಬ್ಬಿ ಅಥವಾ ಪಿಂಗಾಣಿ ಬಟ್ಟಲಿನಲ್ಲಿ ಮೇಣ ಇಳಿದಂತೆ ಜ್ವಾಲೆಯೂ ಕಣ್ಣಿಗೆ ಮರೆಯಾಗುತ್ತದೆ, ಉಳಿಯುವುದು ಪರಿಮಳವೊಂದೇ. ಮಲಗುವ ಕೋಣೆಗೋ ಸ್ನಾನದ ಮನೆಗೋ ಅದು ಸರಿ. ಊಟದ ಮೇಜಿಗೆ ಖಂಡಿತ ಬೇಡ. ಒಗ್ಗರಣೆಯ ಇಂಗಿನ ಘಮಕ್ಕೂ ವೆನಿಲಾಕ್ಕೂ ಎಂದೂ ಹೊಂದಾಣಿಕೆಯಾಗದು. ಕೊಳ್ಳುವುದೇ ಆದರೆ ತಿಳಿಗಾಜಿನ ಅಥವಾ ಮಸುಕು ಗಾಜಿನ ಜಾಡಿಯನ್ನು ಕೊಂಡು, ತಳದಲ್ಲಿ ಒಂದು ಸೆಂಟಿಮೀಟರಿನಷ್ಟು ಮೇಣ ಉಳಿದಾಗ ಉರಿಸುವುದನ್ನು ನಿಲ್ಲಿಸಬೇಕು, ಇಲ್ಲವಾದರೆ ಗಾಜು ಸೀಳುವ ಸಾಧ್ಯತೆಯಿದೆ.

ಊಟದ ಮೇಜಿಗೆ ಪರಿಮಳವಿಲ್ಲದ ಗಿಡ್ಡ ಮೇಣದಬತ್ತಿಗಳೇ ಸರಿ. ಎದುರು ಕುಳಿತವರ ಕಣ್ಣಿನ ಮಟ್ಟದಲ್ಲಿ ಜ್ವಾಲೆಯಿದ್ದರೆ ಇಬ್ಬರಿಗೂ ಕಣ್ಣು ಕುಕ್ಕುತ್ತದೆ, ಆದ್ದರಿಂದ ಅದು ಗದ್ದಕ್ಕಿಂತ ಕೆಳಗಿರಬೇಕು.

ಜೆಲ್ ಬತ್ತಿಗಳ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ಖನಿಜ ತೈಲವನ್ನು ರಾಳದಂಥ ಪಾಲಿಮರ್ ಸೇರಿಸಿ ಗಟ್ಟಿ ಮಾಡಿ, ಒಳಗೆ ಕಪ್ಪೆಚಿಪ್ಪು, ಮರಳು, ಗಾಳಿಗುಳ್ಳೆಗಳನ್ನು ಕೂರಿಸಿರುತ್ತಾರೆ. ನೋಡಲು ಆಕರ್ಷಕ, ಆದರೆ ಸಾಮಾನ್ಯ ಮೇಣಕ್ಕಿಂತ ಬಿಸಿಯಾಗಿ ಉರಿಯುತ್ತವೆ, ಮತ್ತು ಅಗ್ಗದವುಗಳಲ್ಲಿ ಒಳಗಿನ ಪ್ಲಾಸ್ಟಿಕ್ ಹೂವಿಗೇ ಬೆಂಕಿ ತಾಗಬಹುದು. ನಾನು ಹಣ ಕೊಡುವುದಿಲ್ಲ.

ಎಲ್‌ಇಡಿ ಬತ್ತಿಗಳನ್ನು ಹೀಗಳೆಯುವುದು ರೂಢಿ, ಆದರೆ ಪರದೆಯ ಪಕ್ಕ, ಪುಸ್ತಕದ ಕಪಾಟು, ಬೊಂಬೆ ಹಬ್ಬದ ಬಟ್ಟೆ ಹೊದಿಸಿದ ಮೆಟ್ಟಿಲು, ಫ್ಯಾನಿನ ನೇರ ಕೆಳಗೆ, ಹೀಗೆ ಬೆಂಕಿಯನ್ನು ಇಡಲೇಬಾರದ ಜಾಗಗಳಿಗೆ ಅವೇ ತಕ್ಕವು. ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್ ಮಾನದಲ್ಲಿ ನಿಜವಾದ ಜ್ವಾಲೆಯ ಬಣ್ಣ 1900ರ ಸುಮಾರಿನದು. ಪೆಟ್ಟಿಗೆಯ ಮೇಲೆ 2700 ಕೆಲ್ವಿನ್ ಎಂದಿದ್ದರೆ ಅದು ಬಲ್ಬಿನ ಬೆಳಕಿನಂತೆಯೇ ಕಾಣುತ್ತದೆ, ಆದ್ದರಿಂದ 2000ದ ಹತ್ತಿರದ್ದನ್ನು ಹುಡುಕಬೇಕು. ಹೊರಗವಚ ನಿಜವಾದ ಮೇಣದ್ದಾಗಿರುವ, ದಪ್ಪನೆಯ ಎಎ ಸೆಲ್ ಹಾಕುವ ಬಗೆ ಹೆಚ್ಚು ದಿನ ಬಾಳುತ್ತದೆ. ನಾಣ್ಯದಂಥ ಸಿಆರ್2032 ಸೆಲ್ ಇರುವ ಅಗ್ಗದ ಎಲ್‌ಇಡಿ ಟೀಲೈಟುಗಳನ್ನು ಪುಟ್ಟ ಮಕ್ಕಳಿರುವ ಮನೆಗೆ ತರುವ ಮುನ್ನ ಅದರ ಮುಚ್ಚಳಕ್ಕೆ ಸ್ಕ್ರೂ ಇದೆಯೇ ಎಂದು ನೋಡಬೇಕು, ಏಕೆಂದರೆ ನುಂಗಿದ ಸೆಲ್ ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡುತ್ತದೆ. ಉಗುರಿನಿಂದ ಎಳೆದೊಡನೆ ಮುಚ್ಚಳ ಕಳಚಿಕೊಳ್ಳುವಂಥದ್ದನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು.