ಒರಗಿ ತುಳಿಯುವ ಸೈಕಲ್ಲಿಗೆ ಬೆಸುಗೆ: ಗೋಕುಲ ರಸ್ತೆಯ ಒಂದು ವೆಲ್ಡಿಂಗ್ ಅಂಗಡಿ
ಮನೆಯ ಗ್ಯಾರೇಜಿನಲ್ಲಿ ರಿಕಂಬೆಂಟ್ ಸೈಕಲ್, ಅಂದರೆ ಬೆನ್ನು ಒರಗಿಸಿ ಕಾಲುಗಳನ್ನು ಮುಂದೆ ಚಾಚಿ ತುಳಿಯುವ ಸೈಕಲ್ ಕಟ್ಟುವಾಗ, ಉಳಿದ ಕೆಲಸವನ್ನೆಲ್ಲ ನಾನೇ ಮಾಡಿಕೊಂಡು ಚೌಕಟ್ಟಿನ ಬೆಸುಗೆಯನ್ನು ಮಾತ್ರ ಹುಬ್ಬಳ್ಳಿಯ ಗೋಕುಲ ರಸ್ತೆಯ ಸಣ್ಣ ಅಂಗಡಿಯೊಂದಕ್ಕೆ ಒಪ್ಪಿಸಿದೆ. ಪೆಡಲುಗಳ ಕ್ರ್ಯಾಂಕ್ ಕೂರುವ ಬಿ.ಬಿ. ಶೆಲ್ (ಬಾಟಮ್ ಬ್ರಾಕೆಟ್ ಎಂಬ ಗಿಡ್ಡ ಕೊಳವೆ) ಚೌಕಟ್ಟಿಗೆ ನೇರ ಅಡ್ಡವಾಗಿ ನಿಲ್ಲದಿದ್ದರೆ ಚೈನು ಪದೇಪದೇ ಕಳಚುತ್ತದೆ. ಬಿಸಿ ಮಿತಿಮೀರಿದರೆ ಶೆಲ್ಲಿನ ಥ್ರೆಡ್ ಕೂಡ ಕೆಡುತ್ತದೆ. ಅಲ್ಲಿನ ಹಿರಿಯ ಕೆಲಸಗಾರರು ಮೊದಲು ಟ್ಯಾಕ್, ಅಂದರೆ ಹಿಡಿದು ನಿಲ್ಲಿಸುವಷ್ಟೇ ಚುಕ್ಕೆ ಬೆಸುಗೆ ಹಾಕಿ, ಮೂಲೆಮಟ್ಟ ಹಿಡಿದು ನೋಡಿ, ಒಂದು ಬದಿ ತಣಿದ ಮೇಲೆಯೇ ಎದುರು ಬದಿಯನ್ನು ಬೆಸೆದರು. ಆ ತಾಳ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಉದ್ದದ ಚೈನನ್ನು ಸೀಟಿನ ಕೆಳಗೆ ಹಾಯಿಸುವ ರಾಟೆಯ ಪಟ್ಟಿಗೆ ತೆಳು ತಗಡು ಬಳಸಿದ್ದರಿಂದ ಏರಿನಲ್ಲಿ ಅದು ಬಾಗಿತು. ದಪ್ಪ ಪಟ್ಟಿಯನ್ನು ಮೊದಲೇ ಕೇಳಿ ಹಾಕಿಸಿಕೊಳ್ಳುವುದು ಒಳ್ಳೆಯದು.

ಗಾಳಿಯ ತಡೆ ಕಡಿಮೆಯಾಗುವುದೇ ಈ ಸೈಕಲ್ಲಿನ ಹೆಚ್ಚುಗಾರಿಕೆ. 1933ರಲ್ಲಿ ಫ್ರಾನ್ಸಿನ ಸೈಕಲ್ ಸ್ಪರ್ಧಿ ಫ್ರಾನ್ಸಿಸ್ ಫೋರ್ ಇಂಥದ್ದರ ಮೇಲೆ ಒಂದು ಗಂಟೆಯಲ್ಲಿ 45 ಕಿ.ಮೀ.ಗೂ ಹೆಚ್ಚು ಕ್ರಮಿಸಿದರು. ಮರುವರ್ಷ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಇದನ್ನು ಅಧಿಕೃತ ಸ್ಪರ್ಧೆಗಳಿಂದ ಹೊರಗಿಟ್ಟಿದ್ದು ನನ್ನ ದೃಷ್ಟಿಯಲ್ಲಿ ಅನ್ಯಾಯವೇ. ಧಾರವಾಡದ ದಾರಿಯ ಎದುರುಗಾಳಿಯಲ್ಲಿ ಆ ಅನುಕೂಲ ಸ್ಪಷ್ಟವಾಗಿ ತಿಳಿಯುತ್ತದೆ. ಸವಾರ ತಗ್ಗಿನಲ್ಲಿ ಕೂರುವುದರಿಂದ ಬಸ್ಸಿನವರಿಗೆ ಕಾಣುವಂತೆ ಎತ್ತರದ ಬಾವುಟ ಅಗತ್ಯ. ಅದರ ಕೊಳವೆಯನ್ನೂ ಅದೇ ಅಂಗಡಿಯಲ್ಲಿ ಬೆಸೆದುಕೊಡುತ್ತಾರೆ. ಹೋಗುವವರು ಪೂರ್ಣ ಅಳತೆಯ ನಕ್ಷೆಯನ್ನು ಜೊತೆಗೆ ಒಯ್ಯಬೇಕು.